ಉಪ್ಪಟಿ ಮರ ಬಾಗಿಲು ಮಾಡಿಕೊಂಡದ್ದು

ಭೂಮಿ ಆಗಷ್ಟೇ ನೀರಿನಿಂದ ಎದ್ದು ಮೈ ಒರೆಸಿಕೊಳ್ಳುತ್ತಿದ್ದ ಕಾಲ. ಬೆಟ್ಟಗಳು ಇನ್ನೂ ಮೆತ್ತಗಿದ್ದವು. ಹೊಳೆಗಳಿಗೆ ದಾರಿ ಗೊತ್ತಿರಲಿಲ್ಲ, ಅವರಿವರನ್ನು ಕೇಳಿಕೊಂಡು ಹರಿಯುತ್ತಿದ್ದವು. ಮರಗಳು ನಡೆಯುತ್ತಿದ್ದವು, ಮಾತಾಡುತ್ತಿದ್ದವು. ನಂಬದಿದ್ದರೆ ಬಿಡು ಮಗಾ, ಇದೇನೂ ನಿನ್ನ ಅಪ್ಪಣೆ ಕೇಳಿಕೊಂಡು ನಡೆದದ್ದಲ್ಲ.

ಆ ಕಾಲದಲ್ಲಿ ಯಾವ ಮರಕ್ಕೂ ಬಾಗಿಲು ಇರಲಿಲ್ಲ. ಮರದ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಗೂಡುಗಳಿರುತ್ತವೆ. ನಿನ್ನ ಶಾಲೆಯ ಪುಸ್ತಕ ಅವಕ್ಕೆ ಜೀವಕೋಶ ಅನ್ನುತ್ತದೆ, ನಾನು ಗೂಡು ಅನ್ನುತ್ತೇನೆ. ಆಗ ಆ ಗೂಡುಗಳಿಗೆ ಬರೀ ಗೋಡೆಯಿತ್ತು. ಅದೂ ಎಂಥ ಗೋಡೆ, ಬುಟ್ಟಿಯ ಹಾಗೆ ಸಂದು ಬಿಟ್ಟ ಗೋಡೆ. ನೀರು ಬಂದರೆ ನೀರು ಒಳಗೆ, ಕೆಸರಿನ ಸಾರ ಬಂದರೆ ಅದೂ ಒಳಗೆ. ಹೋಗಬೇಕು ಅನ್ನಿಸಿದರೆ ಎಲ್ಲವೂ ಹೊರಗೆ.

ಮಾತೂ ಹಾಗೆಯೇ. ಯಾರಾದರೂ ಕೆಸರಲ್ಲಿ ನಿಂತು ಒಂದು ಮಾತಾಡಿದರೆ ಅದು ನೀರಿನ ಜೊತೆ ಸೀದಾ ಬೇರಿಗೆ ಹೋಗುತ್ತಿತ್ತು. ಒಂದು ಮರಕ್ಕೆ ಬೇಜಾರಾದರೆ ಪಕ್ಕದ ಮರದ ಎಲೆ ಬಾಡುತ್ತಿತ್ತು. ಹಾಗಾಗಿ ಮರಗಳಿಗೆ ಒಂಟಿತನ ಅಂದರೇನೆಂದೇ ಗೊತ್ತಿರಲಿಲ್ಲ. ಮನುಷ್ಯರಿಗೆ ಗೊತ್ತಿತ್ತು.

ಹೊಳೆ ಸಮುದ್ರ ಸೇರುವ ಕಡೆ ಒಂದು ಊರು. ಊರವರು ಕೆಸರಿನ ಸುತ್ತ ಮಣ್ಣಿನ ಒಡ್ಡು ಹಾಕಿ ಒಳಗೆ ಭತ್ತ ಬಿತ್ತಿದರು. ಅಂಥ ಗದ್ದೆಗೆ ಗಜನಿ ಅನ್ನುತ್ತಾರೆ. ಒಡ್ಡಿನ ನಡುವೆ ಒಂದು ತೂಬು, ತೂಬಿಗೆ ಒಂದು ಹಲಗೆ. ಭರತ, ಅಂದರೆ ಸಮುದ್ರದ ಉಬ್ಬರ, ಏರುವಾಗ ಹಲಗೆ ಇಳಿಸಬೇಕು, ಇಲ್ಲದಿದ್ದರೆ ಉಪ್ಪುನೀರು ಗದ್ದೆಗೆ ನುಗ್ಗುತ್ತದೆ. ಇಳಿತದ ಹೊತ್ತಿಗೆ ಹಲಗೆ ಎತ್ತಬೇಕು, ಇಲ್ಲದಿದ್ದರೆ ಮಳೆನೀರು ಒಳಗೇ ತುಂಬಿ ಒಡ್ಡು ಒಡೆಯುತ್ತದೆ. ದಿನಕ್ಕೆ ಎರಡು ಸಲ ಎತ್ತಬೇಕು, ಎರಡು ಸಲ ಇಳಿಸಬೇಕು. ಸಮುದ್ರಕ್ಕೆ ರಜೆ ಇಲ್ಲವಲ್ಲ.

ಅದಕ್ಕೆ ಊರವರು ಒಂದು ಕಟ್ಟು ಮಾಡಿದರು. ತೂಬು ಕಾಯುವವರು ಒಡ್ಡು ಬಿಟ್ಟು ಊರಿಗೆ ಹೋಗಬಾರದು. ಮದುವೆಗೂ ಇಲ್ಲ, ಸಾವಿಗೂ ಇಲ್ಲ. ಊಟ ದಿನಕ್ಕೊಂದು ಮನೆಯಿಂದ ಒಡ್ಡಿನ ತುದಿಗೆ ಬರುತ್ತದೆ. ಈ ಕೆಲಸಕ್ಕೆ ಯಾರು ಅಂದಾಗ ಎಲ್ಲರೂ ಒಬ್ಬಳ ಕಡೆ ನೋಡಿದರು. ಅವಳ ಹೆಸರು ದುಗ್ಗಿ. ಗಂಡ ಇಲ್ಲ, ಮಕ್ಕಳಿಲ್ಲ, ಜಗಳ ಆಡುವುದಕ್ಕೆ ಒಬ್ಬ ತಮ್ಮನೂ ಇಲ್ಲ.

“ನಿಂಗೆ ಹೇಗೂ ಯಾರೂ ಇಲ್ಲ ಅಲ್ದಾ ದುಗ್ಗಕ್ಕಾ,” ಅಂದ ಊರ ಯಜಮಾನ ಹಮ್ಮಣ್ಣ.

ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಇಂಥ ಮಾತುಗಳು ಹೆಚ್ಚಾಗಿ ಒಳ್ಳೆಯ ಮನಸ್ಸಿನವರ ಬಾಯಿಂದಲೇ ಬರುತ್ತವೆ. ದುಗ್ಗಿ ತಲೆಯಾಡಿಸಿ, ಒಂದು ಚಾಪೆ, ಒಂದು ಗಡಿಗೆ ಎತ್ತಿಕೊಂಡು ಒಡ್ಡಿನ ಮೇಲೆ ಹೋಗಿ ಕೂತಳು.

ಹಮ್ಮಣ್ಣ ದಿನಾ ಊಟ ತರುತ್ತಿದ್ದ, ಹೆಚ್ಚಾಗಿ ಅನ್ನ ಮತ್ತು ಬಳಚು ಅನ್ನುವ ಹೊಳೆಯ ಚಿಪ್ಪುಮೀನಿನ ಸಾರು.

“ಅಕ್ಕಾ, ಅನ್ನ ಇಟ್ಟಿದೆ. ಬಳಚಿನ ಸಾರುಂಟು, ಬಿಸಿ ಇರೋವಾಗ ಉಣ್ಣು.”

“ಕೂತ್ಕೊಳೊ ಸ್ವಲ್ಪ. ಒಂದು ಎಲೆ ಹಾಕಿ ಹೋಗು.”

“ಇಲ್ಲಕ್ಕಾ, ಗದ್ದೆ ಕೆಲಸ ಉಂಟು. ನಾ ಬತ್ತೆ.”

ಮರುದಿನವೂ ಇದೇ ಮಾತು, ಅದರ ಮರುದಿನವೂ ಇದೇ. ದುಗ್ಗಿ ಎಲೆ ಅಡಿಕೆ ತಟ್ಟೆಯನ್ನು ಮಾತ್ರ ದಿನಾ ತೊಳೆದು ಇಡುತ್ತಿದ್ದಳು.

ಆ ಮಳೆಗಾಲದಲ್ಲಿ ಮರಗಳು ಜಾಗ ಹುಡುಕಿಕೊಂಡು ಬೆಟ್ಟ ಇಳಿದು ಬಂದವು. ಮಳೆಗಾಲದಲ್ಲಿ ಹೊಳೆಯ ಬಾಯಿಯ ನೀರು ಸಿಹಿ ಇರುತ್ತದೆ, ನೋಡು. ಮಾವು ಬಂತು, ಹಲಸು ಬಂತು, ಹೊನ್ನೆ ಬಂತು. ಮಾವು ಬಂದ ದಿನವೇ ಕೆಸರು ಕಾಲಿಗೆ ಅಂಟುತ್ತದೆ ಅಂತ ದೂರು ಶುರು ಮಾಡಿತು. ಇವೆಲ್ಲದರ ಹಿಂದೆ ಉಪ್ಪಟಿ ಬಂತು. ಕುಳ್ಳ ಮರ, ಬೂದು ತೊಗಟೆ, ಹೇಳಿಕೊಳ್ಳುವಂಥ ಹೂವಿಲ್ಲ, ಹಣ್ಣಿಲ್ಲ. ಆಗ ಅದಕ್ಕೆ ಉಪ್ಪಟಿ ಅಂತ ಹೆಸರೂ ಇರಲಿಲ್ಲ. ಕತೆ ಹೇಳುವವನಿಗೆ ಏನಾದರೂ ಒಂದು ಕರೆಯಬೇಕಲ್ಲ, ಅದಕ್ಕೆ ಈಗಲೇ ಕರೆಯುತ್ತಿದ್ದೇನೆ. ಅದು ಯಾರನ್ನೂ ತಳ್ಳದೆ ತೂಬಿನ ಪಕ್ಕ ಉಳಿದಿದ್ದ ಜಾಗದಲ್ಲಿ ಬೇರು ಬಿಟ್ಟಿತು.

ಒಂದು ಮಧ್ಯಾಹ್ನ ದುಗ್ಗಿ ತೂಬಿನ ಕಸ ತೆಗೆಯುವುದಕ್ಕೆ ಕೆಸರಿಗೆ ಇಳಿದವಳು ತನ್ನಷ್ಟಕ್ಕೇ ಗೊಣಗಿದಳು.

“ಇವತ್ತೂ ಬಳಚಿನ ಸಾರೇ.”

“ನಿನ್ನೆಯೂ ಅದೇ ಅಂದಿದ್ದೆ,” ಅಂತ ಕೆಸರಿನೊಳಗಿಂದ ಒಂದು ದನಿ ಬಂತು.

ದುಗ್ಗಿಯ ಕೈಯಿಂದ ಕಸದ ಬುಟ್ಟಿ ಜಾರಿತು. ಅವಳ ಮಾತಿಗೆ ಉತ್ತರ ಬಂದು ಎಷ್ಟು ದಿನವಾಗಿತ್ತೋ. ಅವಳು ಬುಟ್ಟಿ ಎತ್ತಿಕೊಳ್ಳಲಿಲ್ಲ. ಕೆಸರಲ್ಲೇ ನಿಂತು ಬಳಚಿನ ಸಾರಿಗೆ ಯಾರ ಮನೆಯವರು ಹುಳಿ ಜಾಸ್ತಿ ಹಾಕುತ್ತಾರೆ, ಯಾರ ಮನೆಯವರು ತೆಂಗಿನಕಾಯಿ ಉಳಿಸುತ್ತಾರೆ ಅಂತ ಸಂಜೆಯ ತನಕ ಹೇಳಿದಳು. ಉಪ್ಪಟಿ ಕೇಳಿತು. ನಡುವೆ ನಡುವೆ “ಆಮೇಲೆ?” ಅಂದಿತು. ಅಷ್ಟು ಅಂದರೆ ಸಾಕು, ಮನುಷ್ಯರು ಬದುಕಿಬಿಡುತ್ತಾರೆ.

ಹೀಗೆ ಮಳೆಗಾಲ ಕಳೆಯಿತು. ಮಳೆ ಕಮ್ಮಿಯಾದ ಮೇಲೆ ಹೊಳೆಯ ನೀರು ತಗ್ಗಿತು, ಸಮುದ್ರ ಮೇಲೆ ಬಂತು. ಅದರ ಜೊತೆ ಉಪ್ಪೂ ಬಂತು.

“ಒಳಗೆ ಜಾಗ ಉಂಟಲ್ಲ, ಬರ್ಲಾ?” ಅಂತ ಕೇಳುತ್ತಲೇ ಉಪ್ಪು ಎಲ್ಲರ ಬೇರಿನೊಳಗೆ ನುಗ್ಗಿತು. ಬೇಡ ಅನ್ನುವುದಕ್ಕೆ ಯಾರಿಗೂ ಬಾಗಿಲೇ ಇರಲಿಲ್ಲ. ಎಲೆಗಳ ಅಂಚು ಸುಟ್ಟವು. ಮಾವು ಎಲ್ಲರಿಗಿಂತ ಮೊದಲು ಬೇರು ಕಿತ್ತುಕೊಂಡು ಬೆಟ್ಟ ಹತ್ತಿತು. ಹಲಸು ಹೋಯಿತು. ಹೊನ್ನೆ ಸ್ವಲ್ಪ ದೂರ ಹೋಗಿ, ಮರಳದಿಬ್ಬದ ಮೇಲೆ ನಿಂತು, ಅಲ್ಲೇ ಉಳಿಯಿತು.

ಉಪ್ಪಟಿಯೂ ಒಂದು ಬೇರು ಮೇಲೆತ್ತಿತು. ಎತ್ತಿ, ಒಡ್ಡಿನ ಕಡೆ ನೋಡಿತು. ದುಗ್ಗಿ ಮೊಣಕಾಲು ಕಟ್ಟಿಕೊಂಡು ಕೂತು ಮರಗಳು ಹೋಗುವುದನ್ನು ನೋಡುತ್ತಿದ್ದಳು. ನಿಲ್ಲು ಅನ್ನಲಿಲ್ಲ. ಅವಳಿಗೆ ಅದು ರೂಢಿಯಾದ ಹಾಗಿತ್ತು. ಉಪ್ಪಟಿ ಎತ್ತಿದ ಬೇರನ್ನು ಮತ್ತೆ ಕೆಸರಿಗೆ ಇಳಿಸಿತು.

“ಹೋಗೆ ಮಾರಾಯ್ತಿ, ಸಾಯ್ತೆ ಇಲ್ಲಿ,” ಅಂದಳು ದುಗ್ಗಿ.

“ನಾಳೆ ಯಾರ ಮನೆ ಸಾರು?” ಅಂತ ಕೇಳಿತು ಉಪ್ಪಟಿ.

ಆದರೆ ಉಪ್ಪು ಗೆಳೆತನ ನೋಡಿ ಬಿಡುವ ಜಾತಿಯಲ್ಲ. ದಿನದಿನಕ್ಕೂ ಉಪ್ಪಟಿಯ ಎಲೆ ಉದುರಿದವು. ದುಗ್ಗಿಗೆ ಹೆದರಿಕೆಯಾಯಿತು. ಅವಳ ಜನ ದೋಣಿಯ ಜನ. ಉಪ್ಪುನೀರಲ್ಲಿ ನಿಲ್ಲುವ ಮರಕ್ಕೆ ಅವರಿಗೆ ಗೊತ್ತಿದ್ದ ಮದ್ದು ಒಂದೇ. ಮೀನೆಣ್ಣೆ ಬಳಿಯುವುದು.

“ಹಮ್ಮಣ್ಣಾ, ನಾಳೆ ಬರೋವಾಗ ಒಂದು ಗಡಿಗೆ ಮೀನೆಣ್ಣೆ ತರ್ತೀಯಾ?”

“ಎಂತಕ್ಕೆ? ದೋಣಿಗಾ?”

“ಹೌದು.”

“ನಿಂಗೆ ದೋಣಿ ಎಲ್ಲುಂಟಕ್ಕಾ?”

“ತಾ ನೀನು.”

ಹಮ್ಮಣ್ಣ ತಂದುಕೊಟ್ಟ. ದುಗ್ಗಿ ಇಳಿತದ ಹೊತ್ತು ನೋಡಿ ಕೆಸರು ಬಗೆದು, ಒಂದೊಂದೇ ಬೇರು ಹುಡುಕಿ ಒರೆಸಿ, ದೋಣಿಗೆ ಬಳಿಯುವ ಹಾಗೆ ಎರಡು ಕೈ ಎಣ್ಣೆ ಬಳಿದಳು. ಒಂದು ಕೂದಲಬೇರನ್ನೂ ಬಿಡಲಿಲ್ಲ. ನಾಲ್ಕು ದಿನ ಹಿಡಿಯಿತು. ಎಣ್ಣೆ ಒಳಗೆ ಇಳಿದು, ಗೂಡು ಗೂಡಿನ ಸುತ್ತ ಎರಡು ಪದರವಾಗಿ ಕೂತಿತು.

ಭರತ ಬಂತು. ಉಪ್ಪು ಬಂದು ಬೇರಿಗೆ ತಲೆ ಕುಟ್ಟಿತು, ಜಾರಿತು, ವಾಪಸು ಹೋಯಿತು.

ದುಗ್ಗಿಗೆ ಹಿಡಿಸಲಾರದ ಸಂತೋಷ. ಕೆಸರಿಗೆ ಇಳಿದು, “ನೋಡಿದ್ಯಾ? ಇನ್ನು ನಿಂಗೆ ಯಾರ ಕಾಟವೂ ಇಲ್ಲ,” ಅಂದಳು.

ಉತ್ತರ ಬರಲಿಲ್ಲ. ಇನ್ನೊಮ್ಮೆ ಅಂದಳು. ಸುಸ್ತಾಗಿ ಮಲಗಿರಬೇಕು ಅಂದುಕೊಂಡಳು. ಮರುದಿನ ಕೇಳಿದಳು, ಅದರ ಮರುದಿನ ಕೇಳಿದಳು. ಎಣ್ಣೆಗೆ ಉಪ್ಪು ಯಾವುದು ಮಾತು ಯಾವುದು ಅಂತ ಗೊತ್ತಿಲ್ಲವಲ್ಲ. ಅವಳ ಮಾತೂ ಹೊರಗೇ ಜಾರಿ ಬೀಳುತ್ತಿತ್ತು. ನೀರು, ಕೆಸರಿನ ಸಾರ, ಯಾವುದೂ ಒಳಗೆ ಹೋಗುತ್ತಿರಲಿಲ್ಲ. ಸುತ್ತ ಇಡೀ ಸಮುದ್ರ ಇಟ್ಟುಕೊಂಡು ಉಪ್ಪಟಿ ಬಾಯಾರಿ ನಿಂತಿತ್ತು.

ದಿನಕ್ಕೆ ನಾಲ್ಕು ಸಲ ತೂಬಿನ ಹಲಗೆ ಮುಟ್ಟುವವಳಿಗೆ ಇಷ್ಟು ಹೊಳೆಯಬಾರದಿತ್ತೇ ಅಂತ ನೀನು ಕೇಳಬಹುದು. ನಾನೂ ನನ್ನ ಅಜ್ಜಿಯನ್ನು ಕೇಳಿದ್ದೆ. ಹೆದರಿಕೆ ಹೊಕ್ಕಾಗ ಎಲ್ಲರಿಗೂ ಮುಚ್ಚುವುದೊಂದೇ ಹೊಳೆಯುತ್ತದೆ ಅಂದಿದ್ದಳು ಅವಳು.

ಉಪ್ಪಟಿಯ ಒಳಗೆ ಏನಾಗುತ್ತಿದೆ ಅಂತ ತಂದು ಹೇಳಿದ್ದು ಪಡುಗಾಳಿ. ಸಮುದ್ರದ ಕಡೆಯಿಂದ ಬೀಸುವ ಈ ಗಾಳಿಗೆ ಎಣ್ಣೆಯ ತಡೆ ಇಲ್ಲ. ಅದು ಎಣ್ಣೆಯೊಳಗಿಂದಲೇ ಸುಮ್ಮನೆ ಹಾಯ್ದು ಹೋಗುತ್ತದೆ, ಬಾಗಿಲೂ ಬೇಡ, ತಟ್ಟುವುದೂ ಬೇಡ. ಉಸಿರು ಕಟ್ಟಿದ ಉಪ್ಪಟಿ ಗಾಳಿಗಾಗಿ ಬೇರಿನ ತುದಿಗಳನ್ನು ಕೆಸರಿನಿಂದ ಮೇಲೆ ಚಾಚಿತ್ತು, ಬೆರಳು ಎತ್ತಿದ ಹಾಗೆ. ಆ ಬೆರಳುಗಳು ಈಗಲೂ ಹಾಗೇ ಎದ್ದು ನಿಂತಿರುತ್ತವೆ. ಗಾಳಿ ಅವುಗಳ ಮೂಲಕ ಒಳಗೆ ಹೋಗಿ ನೋಡಿ ಬಂತು.

“ದುಗ್ಗೀ, ನಿನ್ನ ಮರ ಒಣಗ್ತಾ ಉಂಟು,” ಅಂದಿತು ಗಾಳಿ. “ನಿನ್ನ ಹತ್ರ ಏನೋ ಹೇಳು ಅಂತು. ಉದ್ದ ಮಾತು. ಅರ್ಧ ದಾರಿಯಲ್ಲಿ ಚೆಲ್ಲಿಹೋಯ್ತು.”

ಗಾಳಿಯ ಬುದ್ಧಿಯೇ ಅಷ್ಟು. ಯಾವ ಮಾತನ್ನೂ ಅದು ಪೂರ್ತಿ ಮುಟ್ಟಿಸಿದ್ದಿಲ್ಲ.

“ಉಳಿದ ಅರ್ಧ ಎಂತದು?”

“ಇಲ್ಲಿ ಯಾರೂ ಇಲ್ಲ, ಅಂತ.”

ದುಗ್ಗಿ ಆ ಮಾತು ಕೇಳಿ ಕೂತಲ್ಲೇ ಕೂತಳು. ಆ ಮಾತು ಅವಳಿಗೆ ಚೆನ್ನಾಗಿ ಗೊತ್ತಿತ್ತು. ತಾನು ಇಷ್ಟು ದಿನ ಒಡ್ಡಿನ ಮೇಲೆ ಅನುಭವಿಸಿದ್ದನ್ನು ಕೈಯಾರೆ ತಂದು ಮರಕ್ಕೆ ಬಳಿದಿದ್ದೇನೆ ಅನ್ನಿಸಿ ಅವಳಿಗೆ ಅಳು ಬಂತು. ಅಳುತ್ತಾ ಕೂತವಳಿಗೆ ಇಳಿತ ಶುರುವಾದದ್ದು ತಿಳಿಯಲಿಲ್ಲ. ಬೆಳಿಗ್ಗೆ ಒಂದು ಮಳೆ ಹೊಡೆದಿತ್ತು. ಗದ್ದೆಯ ನೀರು ಏರಿ ಒಡ್ಡಿನ ಅಂಚು ನೆಕ್ಕುತ್ತಿತ್ತು. ಒಡ್ಡು ಒಂದು ಕಡೆ ಕುಸಿಯುವ ಸದ್ದು ಕೇಳಿ ಅವಳು ಓಡಿಹೋಗಿ ಹಲಗೆ ಎತ್ತಿದಳು. ನೀರು ಭುಸ್ಸೆಂದು ಹೊರಗೆ ಹರಿಯಿತು. ಹಲಗೆಯನ್ನು ಹಿಡಿದುಕೊಂಡೇ ದುಗ್ಗಿ ಆ ನೀರನ್ನು ನೋಡಿದಳು.

“ಗಾಳೀ, ಬಾ ಇಲ್ಲಿ,” ಅಂದಳು. “ಅವಳಿಗೆ ಹೇಳು, ತೂಬು ಮಾಡ್ಕೋಬೇಕಂತೆ. ಇಷ್ಟೇ ಹೇಳು. ಚೆಲ್ಲಬೇಡ.”

ನೀನೇ ಒಂದು ಕಡೆ ಎಣ್ಣೆ ಕೆರೆದುಬಿಡು ಅಂತ ಉಪ್ಪಟಿ ಗಾಳಿಯ ಕೈಲಿ ಹೇಳಿ ಕಳಿಸಿತು. ದುಗ್ಗಿ ಒಂದು ಬೇರಿನ ಮೇಲೆ ಉಗುರಿನಷ್ಟು ಜಾಗ ಕೆರೆದಳು. ಕೆರೆದ ಕೂಡಲೇ ಉಪ್ಪು ಮಂದೆಮಂದೆಯಾಗಿ ಒಳಗೆ ನುಗ್ಗಿತು. ಮೇಲೆ ಒಂದು ಕೊಂಬೆಯ ಎಲೆಗಳಷ್ಟೂ ಉದುರಿದವು. ದುಗ್ಗಿ ಬೇಗಬೇಗ ಮತ್ತೆ ಎಣ್ಣೆ ಒತ್ತಿದಳು. ಹೊರಗಿನವರು ಮಾಡಿದರೆ ಅದು ತೂತಾಗುತ್ತದೆ, ಬಾಗಿಲಾಗುವುದಿಲ್ಲ. ಬಾಗಿಲನ್ನು ಒಳಗಿನಿಂದ ಉಪ್ಪಟಿಯೇ ಮಾಡಿಕೊಳ್ಳಬೇಕಿತ್ತು.

ಅಷ್ಟರಲ್ಲಿ ಅದರ ಮೈಮೇಲೆ ಉಳಿದಿದ್ದವು ನಾಲ್ಕೇ ಎಲೆ. ಒಂದು ಬಾಗಿಲು ಮಾಡುವುದಕ್ಕೆ ಒಂದು ಎಲೆಯ ಕಸುವು ಬೇಕು. ಒಂದು ಎಲೆಯೂ ಉಳಿಯದಿದ್ದರೆ ಮರ ಉಳಿಯುವುದಿಲ್ಲ. ಗಾಳಿ ಬಂದು ಇಷ್ಟನ್ನು ಚೆಲ್ಲದೆ ಹೇಳಿತು. ಇನ್ನೂ ಒಂದು ಹೇಳಿತು.

“ನಂದೂ ಹೊತ್ತು ಆಯ್ತು ದುಗ್ಗೀ. ಭತ್ತ ಕೆಂಪಾಗ್ತಾ ಬಂತು. ಬೆಟ್ಟದ ಗಾಳಿ ಬರ್ತದೆ, ನಾನು ಹೋಗ್ಬೇಕು.”

ಉಪ್ಪಟಿ ಮೊದಲ ಬಾಗಿಲು ನೀರಿಗೆ ಮಾಡಿತು. ಬಲು ಕಿರಿದಾದ ಬಾಗಿಲು. ನೀರು ಒಬ್ಬರ ಹಿಂದೆ ಒಬ್ಬರು ಸಾಲಾಗಿ ಬರಬೇಕು, ಉಪ್ಪು ಹೊಗುವಷ್ಟು ಅಗಲವಿಲ್ಲ. ಒಂದು ಎಲೆ ಹಳದಿಯಾಗಿ ಬಿತ್ತು. ಬಾಗಿಲು ತೆರೆದರೆ ಆದದ್ದೇ ಬೇರೆ. ಹೊರಗಿನ ನೀರು ಒಳಗೆ ಬರಲಿಲ್ಲ, ಒಳಗಿದ್ದ ನೀರೇ ಎದ್ದು ಹೊರಡತೊಡಗಿತು.

“ಎಲ್ಲಿಗೆ?” ಅಂತ ಉಪ್ಪಟಿ ಕೇಳಿತು.

“ನಾನೇನು ಮಾಡ್ಲಿ,” ಅಂದಿತು ನೀರು. “ಎಲ್ಲಿ ಜನ ಹೆಚ್ಚೋ ಅಲ್ಲಿಗೆ ನಂಗೆ ಕಾಲು ಎಳೀತದೆ. ಹೊರಗೆ ಉಪ್ಪಿನ ದೊಡ್ಡ ಸಂತೆ ಸೇರಿದೆ. ನಿನ್ನೊಳಗೆ ಯಾರಿದ್ದಾರೆ?”

ಗಾಳಿ ಈ ಮಾತು ತಂದಾಗ ದುಗ್ಗಿಗೆ ನೀರಿನ ಮೇಲೆ ಸಿಟ್ಟು ಬರಲಿಲ್ಲ. ಅವಳಿಗೂ ಊರಿನ ಕಡೆಯಿಂದ ನಗು ಕೇಳಿದಾಗ ಕಾಲು ಎಳೆಯುತ್ತಿತ್ತು. “ಹಾಗಾದ್ರೆ ಒಳಗೂ ಜನ ಸೇರಿಸು ಅನ್ನು,” ಅಂದಳು. “ಎಲೆಯಲ್ಲಿ ಬಿಸಿಲಿಗೆ ಸಿಹಿ ಮಾಡ್ತಾಳಲ್ಲ, ಅದನ್ನ ಬೇರಿಗೆ ಕರೀಲಿ. ಸಿಹಿಗೆ ಆ ಬಾಗಿಲು ಸಣ್ಣದು, ಹೊರಗೆ ಹೋಗ್ಲಿಕ್ಕೆ ಆಗೂದಿಲ್ಲ.”

ಉಪ್ಪಟಿ ಉಳಿದ ಮೂರು ಎಲೆಗಳಿಂದ ಸಿಹಿಯನ್ನು ಕೆಳಗೆ ಕರೆಸಿ ಗೂಡು ಗೂಡಿನಲ್ಲಿ ಕೂರಿಸಿತು. ಹೊರಗಿನ ಸಂತೆಗಿಂತ ಒಳಗಿನ ಸಂತೆ ದೊಡ್ಡದಾಯಿತು. ಹೊರಟಿದ್ದ ನೀರು ತಿರುಗಿ ನೋಡಿತು, ನಿಂತಿತು, ಸಾಲು ಹಿಡಿದು ಒಳಗೆ ಬಂತು. ಎಷ್ಟೋ ದಿನಗಳ ಮೇಲೆ ಉಪ್ಪಟಿ ನೀರು ಕುಡಿಯಿತು.

ಎರಡನೆಯದು ಕೆಸರಿನ ಸಾರಕ್ಕೆ. ಅದಕ್ಕೆ ಎಣ್ಣೆ ಅಂದರೆ ಆಗದು, ತಾನಾಗಿ ದಾಟಲಾರದು. ಹಾಗಾಗಿ ಉಪ್ಪಟಿ ಬಾಗಿಲಿಗೆ ಒಬ್ಬ ತಾರಿಯವನನ್ನು ಇಟ್ಟಿತು, ಹೊಳೆ ದಾಟಿಸುವವನಂತೆ. ಅವನು ಆಚೆ ದಡದಲ್ಲಿ ಬಂದವರ ಮುಖ ನೋಡುತ್ತಾನೆ. ಗುರುತಿನವರಾದರೆ ಕೂರಿಸಿಕೊಂಡು ಈಚೆ ದಡಕ್ಕೆ ಬಿಡುತ್ತಾನೆ. ಒಂದು ಸಲಕ್ಕೆ ಒಬ್ಬರು, ಗದ್ದಲ ಮಾಡಿದರೂ ಅಷ್ಟೇ. ಇನ್ನೊಂದು ಎಲೆ ಬಿತ್ತು.

ಈಗ ಎರಡು ಎಲೆ ಉಳಿದವು. ಇನ್ನು ಒಂದು ಬಾಗಿಲು ಮಾಡಬಹುದು.

ಉಪ್ಪಟಿಗೆ ಮಾತಿನ ಬಾಗಿಲು ಬೇಕಿತ್ತು. ಎಣ್ಣೆ ಬಳಿದ ದಿನದಿಂದಲೂ ಅದು ಅದಕ್ಕೇ ಕಾದಿತ್ತು. ಆದರೆ ಉಪ್ಪು ಸುಮ್ಮನೆ ಕೂತಿರಲಿಲ್ಲ. ತಾರಿಯವನ ಕಣ್ಣು ತಪ್ಪಿಸಿ, ಸಾರದ ಮರೆಯಲ್ಲಿ ಬಗ್ಗಿ, ಒಂದೊಂದೇ ಹರಳು ಒಳಗೆ ಸೇರುತ್ತಿತ್ತು. ಬಂದ ಉಪ್ಪು ತಾನಾಗಿ ಹೊರಗೆ ಹೋಗುವುದಿಲ್ಲ. ಹೊರಗೆ ಅದರದ್ದೇ ಗಿಜಿಗಿಜಿ, ಒಳಗೆ ಕಾಲು ಚಾಚುವಷ್ಟು ಜಾಗ. ಯಾಕೆ ಹೋದೀತು? ಅದನ್ನು ಹೊರಹಾಕಬೇಕಾದರೆ ತಳ್ಳುವ ಬಾಗಿಲೇ ಬೇಕು. ಅದು ಬೇರೆ ಬಾಗಿಲುಗಳ ಹಾಗೆ ಸುಮ್ಮನೆ ತೆರೆದಿರುವುದಲ್ಲ. ಒಳಗಿನಿಂದ ಉಪ್ಪನ್ನು ಹಿಡಿದು, ಒಳಗಿನ ಕದ ಮುಚ್ಚಿ, ಆಮೇಲೆ ಹೊರಗಿನ ಕದ ತೆರೆದು ನೂಕಬೇಕು. ಪ್ರತಿ ನೂಕಿಗೂ ಒಂದು ತುತ್ತು ಸಿಹಿ ಖರ್ಚು.

ಉಪ್ಪಟಿ ಗಾಳಿಯ ಕೈಲಿ ಹೇಳಿ ಕಳಿಸಿತು. “ಉಪ್ಪು ತುಂಬಲಿಕ್ಕೆ ಇನ್ನೂ ಹತ್ತು ಭರತ ಬೇಕು ದುಗ್ಗೀ. ಮಾತಿನ ಬಾಗಿಲು ಮಾಡ್ತೆ. ಹತ್ತು ಭರತ ಮಾತಾಡ್ವಾ. ಆಮೇಲೆ ಹೋದ್ರೆ ಹೋಗ್ಲಿ.”

ಗಾಳಿ ಈ ಮಾತಿನ ಒಂದು ಅಕ್ಷರವನ್ನೂ ಚೆಲ್ಲಲಿಲ್ಲ. ಅದಕ್ಕೂ ಇದು ಎಂಥ ಮಾತು ಅಂತ ಗೊತ್ತಾಗಿತ್ತು.

ಹತ್ತು ಭರತ ಅಂದರೆ ಐದು ದಿನ. ಐದು ದಿನದ ಮಾತು. ದುಗ್ಗಿಗೆ ಅದು ಬೇಡವಾಗಿರಲಿಲ್ಲ, ಮಗಾ. ಅವಳಿಗೆ ಅದು ಬೇಕಿತ್ತು. ಹೇಳಬೇಕಾದದ್ದು ಎಷ್ಟೋ ಇತ್ತು. ಅವಳು ಒಡ್ಡಿನ ಮೇಲೆ ಆಚೆಗೊಮ್ಮೆ ಈಚೆಗೊಮ್ಮೆ ನಡೆದಳು. ಅಷ್ಟರಲ್ಲಿ ಹಮ್ಮಣ್ಣ ಊಟ ತಂದ.

“ಅಕ್ಕಾ, ಅನ್ನ ಇಟ್ಟಿದೆ.”

“ಹಮ್ಮಣ್ಣಾ, ಕೊಯ್ಲು ಮುಗಿದ ಮೇಲೆ ನನ್ನ ಊರಿಗೆ ಕರೀತೀರಾ?”

ಹಮ್ಮಣ್ಣ ತಲೆ ಕೆರೆದುಕೊಂಡ. “ಕೊಯ್ಲಾದ ಮೇಲೆ ಮೀನು ಬಿಡೂದಲ್ದಾ ಗಜನಿಗೆ? ತೂಬು ಯಾರು ನೋಡ್ಕೊಳ್ತ್ರು? ನೀ ಇದ್ದೆ ಅಂತ ಊರೇ ನೆಮ್ಮದೀಲಿ ಉಂಟು ಅಕ್ಕಾ. ನಾ ಬತ್ತೆ.”

ಅವನು ಹೋದ ಮೇಲೆ ದುಗ್ಗಿ ಗಾಳಿಯನ್ನು ಕರೆದಳು.

“ಎರಡು ಮಾತು ಹೇಳ್ತೆ. ಮೊದಲನೇದು ಅವಳಿಗೆ ಮುಟ್ಟಿಸು. ಎರಡನೇದು ದಾರಿಯಲ್ಲಿ ಚೆಲ್ಲಿಬಿಡು. ನಿಂಗೆ ಅದು ಬರ್ತದಲ್ಲ.”

“ಹೇಳು.”

“ಉಪ್ಪಿನ ಬಾಗಿಲು ಮಾಡ್ಕೋ. ನಂಗೆ ಊರಿಂದ ಜನ ಬರ್ತ್ರು, ಕೊಯ್ಲಾದ ಮೇಲೆ ಕರ್ಕೊಂಡು ಹೋಗ್ತ್ರು. ನನ್ನ ಚಿಂತೆ ಮಾಡಬೇಡ. ಇದು ಮೊದಲನೇದು.”

“ಎರಡನೇದು?”

“ನಿನ್ನ ಬಿಟ್ರೆ ನಂಗೆ ಯಾರೂ ಇಲ್ಲ.”

ಗಾಳಿ ಹೊರಟಿತು. ಮೊದಲನೆಯ ಮಾತನ್ನು ಎಣ್ಣೆ ದಾಟಿಸಿ ಒಳಗೆ ಮುಟ್ಟಿಸಿತು. ಎರಡನೆಯದನ್ನು ಉಪ್ಪಟಿಯ ಬುಡದ ಕೆಸರಲ್ಲಿ ಚೆಲ್ಲಿತು. ಆ ಮಾತು ಬೇರನ್ನು ತಾಗಿಕೊಂಡೇ ಬಿದ್ದಿತ್ತು. ಒಳಗೆ ಹೋಗಲು ಅದಕ್ಕೆ ಬಾಗಿಲಿರಲಿಲ್ಲ.

ಉಪ್ಪಟಿ ತಳ್ಳುವ ಬಾಗಿಲನ್ನೇ ಮಾಡಿತು. ಆಮೇಲೆ ಮೂರನೆಯ ಎಲೆ ಹಳದಿಯಾಯಿತು, ಬಿತ್ತು. ಮರುದಿನ ಬೆಳಿಗ್ಗೆ ಬೆಟ್ಟದ ಕಡೆಯಿಂದ ತಣ್ಣನೆಯ ಗಾಳಿ ಬೀಸಿತು. ಪಡುಗಾಳಿ ದುಗ್ಗಿಯ ಸೆರಗನ್ನು ಒಮ್ಮೆ ಎಳೆದು ಸಮುದ್ರದ ಮೇಲೆ ಹೊರಟುಹೋಯಿತು. ಬೆಟ್ಟದ ಗಾಳಿಗೆ ಮರದ ಮಾತು ಹೊರುವ ಅಭ್ಯಾಸವಿರಲಿಲ್ಲ, ಮರುವರ್ಷ ಬಂದ ಪಡುಗಾಳಿಗೂ ಹಳೆಯದೇನೂ ನೆನಪಿರಲಿಲ್ಲ.

ಬೆಟ್ಟದ ಮರಗಳಿಗೆ ಸುದ್ದಿ ಹೋಯಿತು. ಅಲ್ಲೂ ಕಾಟ ತಪ್ಪಿರಲಿಲ್ಲ. ಮಳೆ ಬಂದರೆ ನೀರು ತುಂಬಿ ಗೂಡು ಒಡೆಯುವುದು, ಬಿಸಿಲು ಬಂದರೆ ಇದ್ದದ್ದೂ ಸೋರಿ ಹೋಗುವುದು. ಅವೂ ಗೂಡಿಗೆಲ್ಲ ಎಣ್ಣೆ ಬಳಿದುಕೊಂಡವು. ಬಾಗಿಲನ್ನು ಮಾತ್ರ ಉಪ್ಪಟಿಯದ್ದನ್ನು ನೋಡಿ ಮಾಡಿದವು. ನೀರಿಗೊಂದು, ಸಾರಕ್ಕೊಂದು, ತಳ್ಳುವುದಕ್ಕೊಂದು. ಅವಕ್ಕೆ ಮೈತುಂಬ ಎಲೆ ಇತ್ತು, ಮಾತಿಗೂ ಒಂದು ಮಾಡಿಕೊಳ್ಳಬಹುದಿತ್ತು. ಆದರೆ ನೋಡಿ ಬರೆಯುವವರಿಗೆ ಅಷ್ಟು ಯೋಚನೆ ಎಲ್ಲಿಂದ ಬರಬೇಕು? ಅಂದಿನಿಂದ ಮರಗಳ ಮಾತು ನಿಂತುಹೋಯಿತು. ಪ್ರಾಣಿಗಳೂ ಮನುಷ್ಯರೂ ಅದನ್ನೇ ಕಲಿತರು. ನಿನ್ನ ಮೈಯಲ್ಲಿರುವ ಗೂಡುಗಳಿಗೂ ಅದೇ ಎಣ್ಣೆ, ಅದೇ ಬಾಗಿಲು, ನೀನು ನಿದ್ದೆ ಮಾಡುವಾಗಲೂ ಒಳಗೆ ಅದೇ ತಳ್ಳಾಟ.

ದುಗ್ಗಿ ಕೊಯ್ಲಾದ ಮೇಲೂ ಒಡ್ಡಿನ ಮೇಲೇ ಉಳಿದಳು. ಕೆಸರಿಗೆ ಇಳಿದು ಮರದ ಪಕ್ಕ ನಿಲ್ಲುತ್ತಿದ್ದಳು. ಗಾಳಿ ಹೋದ ಮೊದಲ ದಿನ ಏನೂ ಮಾತಾಡಲಿಲ್ಲ. ತನ್ನನ್ನು ಊರಿಗೆ ಯಾರೂ ಕರೆಯುವುದಿಲ್ಲ ಅಂತ ತಿಳಿದರೆ ಉಪ್ಪಟಿ ಬೇಜಾರು ಮಾಡಿಕೊಂಡೀತು ಅಂತ ಹೆದರಿದ್ದಳು. ಆಮೇಲೆ ನೆನಪಾಯಿತು, ಅದಕ್ಕೆ ಏನೂ ತಿಳಿಯುವುದಿಲ್ಲ. ಆ ದಿನ ಅವಳು ಒಡ್ಡಿಗೆ ವಾಪಸು ಬಂದು ಊಟ ಮಾಡಲಿಲ್ಲ.

ಒಂದೇ ಎಲೆಯ ಮರ ಬದುಕಿದೆಯೋ ಇಲ್ಲವೋ ಅಂತ ಹೇಳುವುದು ಕಷ್ಟ. ದುಗ್ಗಿ ದಿನಾ ಆ ಎಲೆಯನ್ನು ನೋಡಿದಳು. ಹಳದಿಯಾಗಲಿಲ್ಲ, ಚಿಗುರೂ ಬರಲಿಲ್ಲ. ಹತ್ತು ಭರತ ಕಳೆಯಿತು. ಹನ್ನೊಂದನೆಯದೂ ಕಳೆಯಿತು. ಹನ್ನೆರಡನೆಯ ಭರತ ಇಳಿದ ಮೇಲೆ, ಬಿಸಿಲು ಏರಿದಾಗ, ಎಲೆಯ ಮೇಲೆ ಏನೋ ಮಿನುಗಿತು. ಬಿಳಿಯ ಹುಡಿ. ಬೇರಿನ ಕಡೆ ತಳ್ಳಿ ಮುಗಿಯದ ಉಪ್ಪನ್ನು ಉಪ್ಪಟಿ ಮೇಲೆ ಸಾಗಿಸಿ, ಇದ್ದೊಂದು ಎಲೆಯಿಂದ ಹೊರಗೆ ನೂಕಿತ್ತು.

ದುಗ್ಗಿ ಎಲೆಯನ್ನು ಕೀಳಲಿಲ್ಲ. ಬಗ್ಗಿ, ನಾಲಿಗೆಯ ತುದಿ ತಾಗಿಸಿದಳು.

ಉಪ್ಪು.

ಅವಳು ಅಲ್ಲೇ ಕೆಸರಲ್ಲಿ ಕೂತು ನಕ್ಕಳು, ಅತ್ತಳು, ಮೂಗು ಒರೆಸಿಕೊಂಡಳು. ಆಮೇಲೆ, “ಇವತ್ತು ಹಮ್ಮಣ್ಣನ ಮನೆ ಸಾರು. ಹುಳಿ ಜಾಸ್ತಿ,” ಅಂದಳು. ಸ್ವಲ್ಪ ಹೊತ್ತು ಕಾದಳು. ಯಾರೂ “ಆಮೇಲೆ?” ಅನ್ನಲಿಲ್ಲ. ಅವಳೇ ಮುಂದಿನದನ್ನು ಹೇಳಿದಳು.

ದುಗ್ಗಿ ಹೋಗಿ ಎಷ್ಟು ಕಾಲವಾಯಿತೋ, ಲೆಕ್ಕ ಇಟ್ಟವರಿಲ್ಲ. ಆದರೆ ಮಗಾ, ಗಜನಿಯ ಅಂಚಿನಲ್ಲಿ ನೀನು ಉಪ್ಪಟಿಯ ಎಲೆಗೆ ನಾಲಿಗೆ ತಾಗಿಸಿದಾಗ ಸಿಗುವ ಆ ಉಪ್ಪು, ನಾನಿನ್ನೂ ಇದ್ದೇನೆ ಅಂತ ಅವಳಿಗೆ ತಿಳಿಸುವುದಕ್ಕೆ ಆ ಮರಕ್ಕೆ ಉಳಿದಿದ್ದ ಒಂದೇ ದಾರಿ, ಮತ್ತು ಕೇಳುವವಳು ಹೋಗಿದ್ದಾಳೆ ಅಂತ ಒಳಗೆ ಹೋಗಿ ಹೇಳುವುದಕ್ಕೆ ಯಾರಿಗೂ ಬಾಗಿಲಿಲ್ಲದ್ದರಿಂದ ಅದು ಇವತ್ತಿಗೂ ದಿನಾ ತಿಳಿಸುತ್ತಲೇ ಇದೆ.